ಹಲ್ಲಿನ ವಾರ್ನಿಷ್ ಒಣಗುವ ತನಕ

ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಸ್ವಲ್ಪ. ನಾನು ಜೋರಾಗಿ ಹೇಳೋ ಹಾಗಿಲ್ಲ, ಎದುರು ಮನೆಯವಳ ಕಿವಿ ಬಲು ಚುರುಕು. ಈಗ ಹೇಳೋದನ್ನ ನೀವು ಯಾರ ಹತ್ತಿರವೂ ಬಾಯಿ ಬಿಡಕೂಡದು, ನಿಮ್ಮ ಮನೆದೇವರ ಮೇಲೆ ಆಣೆ. ನಾನಂತೂ ಯಾರಿಗೂ ಹೇಳಿಲ್ಲ. ಸೊಪ್ಪು ಮಾರೋಳಿಗೆ ಹೇಳಿದ್ದು ನಿಜ, ಆದರೆ ಅವಳಾಗೇ ಕೇಳಿದಳು. ದೇವಸ್ಥಾನದಲ್ಲಿ ಒಬ್ಬಿಬ್ಬರಿಗೆ ಹೇಳಿದೆ, ಅದು ದೇವರ ಸನ್ನಿಧಿ, ಅಲ್ಲಿ ಆಡಿದ್ದು ಚಾಡಿ ಅನ್ನಿಸಿಕೊಳ್ಳಲ್ಲ. ಅವರನ್ನ ಬಿಟ್ಟರೆ ನೀವೇ ಮೊದಲು.

ಪೀಣ್ಯದ ನಮ್ಮ ಬೀದಿಯಲ್ಲಿ ಏನಾದರೂ ಒಂದು ಆಗ್ತಾನೇ ಇರುತ್ತೆ. ಬೇರೆಯವರ ಮನೆಯಲ್ಲಿ ಆಗುತ್ತೆ, ನಾನು ನಮ್ಮನೆ ಜಗಲಿ ಮೇಲೆ ಕೂತು ನಾಲ್ಕು ಜನಕ್ಕೆ ತಿಳಿಸ್ತೀನಿ, ಎಲ್ಲರಿಗೂ ಹೊತ್ತು ಹೋಗುತ್ತೆ. ಈ ಸಲ ಮಾತ್ರ ಆದದ್ದು ನನ್ನ ಬಾಯೊಳಗೇ. ನನ್ನ ಹಲ್ಲಿನ ದೆಸೆಯಿಂದ ಎದುರು ಮನೆ ಹುಡುಗಿಯ ಮದುವೆ ಇನ್ನೇನು ಮುರಿದು ಬೀಳೋದರಲ್ಲಿತ್ತು. ಅದಕ್ಕೇ ಈ ಸಣ್ಣ ದನಿ.

ನಿಂಬೆಹಣ್ಣಿನ ಮಹಾತ್ಮೆ

ನನಗೆ ನನ್ನ ಹಲ್ಲಿನ ಮೇಲೆ ವಿಪರೀತ ಜಂಬ ಕಣ್ರೀ. ನಮ್ಮ ಬೀದಿಯಲ್ಲಿ ನನ್ನ ವಯಸ್ಸಿನವರೆಲ್ಲ ಮಲಗೋ ಮುಂಚೆ ಹಲ್ಲು ಬಿಚ್ಚಿ ನೀರಿನ ಲೋಟಕ್ಕೆ ಹಾಕ್ತಾರೆ. ನನ್ನವು ಹುಟ್ಟಿದ ಜಾಗದಲ್ಲೇ ಇವೆ. ಅವರು ಬಂದಾಗ ಬೇಕು ಅಂತಲೇ ಚಕ್ಕುಲಿ ತಂದಿಟ್ಟು, ಅವರು ಕಾಫಿಗೆ ಅದ್ದಿ ಅದ್ದಿ ಮೆತ್ತಗೆ ಮಾಡಿಕೊಳ್ಳೋವಾಗ ನಾನು ಎದುರಿಗೆ ಕೂತು ಕಟಕಟ ಕಡಿಯುತ್ತಿದ್ದೆ. ಕೆಟ್ಟ ಬುದ್ಧಿ. ಆದರೆ ಆ ಸದ್ದು ಇದೆಯಲ್ಲ, ಅದರಷ್ಟು ಸುಖ ಇನ್ನೊಂದಿಲ್ಲ.

ಒಂದು ದಿನ ಫೋನಿನಲ್ಲಿ ಒಂದು ವಿಡಿಯೋ ಬಂತು. ಒಣಗಿದ ನುಗ್ಗೇಕಾಯಿ ಹಾಗಿದ್ದ ಒಬ್ಬಳು ಹೆಂಗಸು ಬೆಳಿಗ್ಗೆ ಖಾಲಿ ಹೊಟ್ಟೆಗೆ ನಿಂಬೆರಸ ಕುಡೀರಿ, ಬೊಜ್ಜು ಬೆಣ್ಣೆ ಕರಗಿದ ಹಾಗೆ ಕರಗುತ್ತೆ ಅಂದಳು. ಅವಳು ಒಂದು ಲೋಟ ನೀರಿಗೆ ಅರ್ಧ ಹೋಳು ಹಿಂಡಿದಳು. ನಾನು, ನೀರು ಯಾಕೆ ದಂಡ, ಅರ್ಧ ಹೋಳು ಯಾವ ಮೂಲೆಗೆ, ಅಂತ ಹಣ್ಣು ಹಿಂಡಿ ಬರೀ ರಸವನ್ನೇ ಬಾಯಿಗೆ ಸುರಿದುಕೊಂಡೆ. ಉಳಿದ ಸಿಪ್ಪೆ ಬಿಸಾಡೋಕೆ ಮನಸ್ಸು ಬರದೆ ಅದಕ್ಕೆ ಉಪ್ಪು ಹಚ್ಚಿ ಹಲ್ಲಿಗೆ ತಿಕ್ಕಿದೆ. ಅದರ ಹಿಂದೆಯೇ ಬ್ರಷ್ ಹಿಡಿದು, ಸೀದ ಪಾತ್ರೆಯ ತಳ ಉಜ್ಜೋ ಹಾಗೆ ಗಸಗಸ ಉಜ್ಜಿದೆ. ಹಲ್ಲು ಬೆಳ್ಳಗೆ ಮಿಂಚಿತು. ನಾನೇ ಸಾಕ್ಷಾತ್ ಡಾಕ್ಟರ್ ಅನ್ನಿಸಿ ಇಡೀ ಬೀದಿಗೆ ಅದನ್ನೇ ಬೋಧನೆ ಮಾಡಿದೆ. ತರಕಾರಿ ಗಾಡಿ ನಮ್ಮ ಮನೆ ದಾಟೋ ಹೊತ್ತಿಗೆ ಒಂದು ನಿಂಬೆಹಣ್ಣೂ ಉಳಿಯುತ್ತಿರಲಿಲ್ಲ.

ಕೆಲವು ತಿಂಗಳು ಹೀಗೇ ಆಯ್ತು. ಆಮೇಲೆ ಒಂದು ಮಧ್ಯಾಹ್ನ ಎದುರು ಮನೆಯವಳು ಕೊಟ್ಟ ಮಜ್ಜಿಗೆ ಕುಡಿದೆ. ಹಲ್ಲಿನಿಂದ ನೆತ್ತಿಯವರೆಗೆ ಜುಮ್ ಅಂತ ಕರೆಂಟ್ ಹೊಡೆದ ಹಾಗಾಯ್ತು. ಇವಳು ಮಜ್ಜಿಗೆಗೆ ಏನೋ ಬೆರೆಸಿದ್ದಾಳೆ ಅಂತ ತೀರ್ಮಾನಿಸಿ, ಆ ತೀರ್ಮಾನವನ್ನ ಅಕ್ಕಪಕ್ಕದ ಮನೆಗಳಿಗೂ ಮುಟ್ಟಿಸಿ ಬಂದೆ. ವಾಪಸ್ ಬಂದು ನಮ್ಮನೆ ನೀರು ಕುಡಿದೆ, ಅದಕ್ಕೂ ಜುಮ್. ಬಿಸಿ ಕಾಫಿಗೆ ಜುಮ್. ಬಾಯಿ ತೆಗೆದು ಉಸಿರೆಳೆದುಕೊಂಡರೂ ಜುಮ್. ಪಾಪ, ಮಜ್ಜಿಗೆದೇನೂ ತಪ್ಪಿರಲಿಲ್ಲ. ಹೇಳಿ ಬಂದ ಮನೆಗಳಿಗೆ ಮತ್ತೆ ಹೋಗಿ "ಹಾಗಲ್ಲವಂತೆ" ಅನ್ನಬಹುದಿತ್ತು, ಆದರೆ ನನಗೆ ಆ ಅಭ್ಯಾಸ ಇಲ್ಲ.

ಬೀದಿಯಲ್ಲಿ ಒಬ್ಬರ ಬೊಜ್ಜೂ ಕರಗಲಿಲ್ಲ. ಕರಗಿದ್ದು ನನ್ನ ಹಲ್ಲು ಮಾತ್ರ.

ಡಾಕ್ಟರ್ ಮುಂದೆ ಬಾಯಿ ಬಿಟ್ಟದ್ದು

ಅದೇ ಹೊತ್ತಿಗೆ ಎದುರು ಮನೆಯಲ್ಲಿ ಹುಡುಗಿಗೆ ಸಂಬಂಧ ಬಂತು. ಗಂಡಿನ ಕಡೆಯವರು ಹೂಡಿಯವರು. ಹಿಂದೆ ಅಲ್ಲಿ ರಾಗಿ ಬೆಳೀತಿದ್ದ ಮನೆತನ, ಈಗ ಆ ಜಾಗದಲ್ಲಿ ಬಾಡಿಗೆ ಮನೆಗಳು. ಹುಡುಗ ಮಾತ್ರ ನಮ್ಮ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಹುಡುಗಿ ಅದೇ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ನಿಮಗೆ ಅರ್ಥವಾಯ್ತಲ್ಲ? ನನಗೂ ಅರ್ಥವಾಗಿತ್ತು. ಇಬ್ಬರೂ ಕಾರ್ಖಾನೆ ಗೇಟಿನ ಹತ್ತಿರ ಒಂದೇ ಟೀ ಅಂಗಡಿಯಲ್ಲಿ ನಿಂತಿದ್ದನ್ನ ನಾನೇ ಬಸ್ಸಿನಿಂದ ಕಂಡಿದ್ದೆ. ಕತ್ತು ಹೊರಳಿಸಿ ಹೊರಳಿಸಿ ನೋಡಿ, ನನ್ನ ಸ್ಟಾಪು ದಾಟಿ ಮುಂದೆ ಹೋಗಿ, ಬಿಸಿಲಲ್ಲಿ ವಾಪಸ್ ನಡೆದು ಬಂದಿದ್ದೆ.

ಗಂಡಿನವರು ಬರೋ ಹಿಂದಿನ ದಿನ ಎದುರು ಮನೆಯವಳು ಬಂದು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ನಾಳೆ ಅವರು ನಿಮ್ಮನ್ನ ವಿಚಾರಿಸೇ ವಿಚಾರಿಸ್ತಾರೆ. ಹುಡುಗಿ ಒಳ್ಳೆಯವಳು ಅಂತ ಒಂದು ಮಾತು ಹೇಳಿ. ಒಂದೇ ಮಾತು ಅಕ್ಕಾ. ಎರಡನೇದು ಬೇಡ."

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಹೆಣ್ಣು ನೋಡೋಕೆ ಬಂದವರಲ್ಲಿ ಒಬ್ಬಳು ಹೆಂಗಸು ನೀರು ಕುಡಿಯೋ ನೆಪದಲ್ಲಿ ಎದುರು ಮನೆಗೆ ಬಂದು ಹುಡುಗಿ ಹೇಗೆ, ಏನು, ಎತ್ತ ಅಂತ ಕೇಳೋದು ನಮ್ಮ ಕಡೆ ಮಾಮೂಲಿ. ನಮ್ಮ ಜಗಲಿಯಲ್ಲಿ ಕೂತು ಹೋಗದೆ ಈ ಬೀದಿಯ ಯಾವ ಹೆಣ್ಣಿಗೂ ಲಗ್ನ ಕುದುರಿಲ್ಲ.

ಅಷ್ಟು ಜನ ಬರೋವಾಗ ನನ್ನ ಹಲ್ಲು ಜುಮ್ ಅಂತ ಮುಖ ಸೊಟ್ಟಗಾಗಬಾರದಲ್ಲ. ಮಾರನೇ ದಿನ ಬೆಳಿಗ್ಗೆಯೇ ಆ ಹುಡುಗಿ ನನ್ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮೆಟ್ರೋ ಸ್ಟೇಷನ್ ಹತ್ತಿರದ ಹಲ್ಲಿನ ಡಾಕ್ಟರ್ ಬಳಿ ಕರೆದುಕೊಂಡು ಹೋದಳು. ತನ್ನನ್ನ ನೋಡೋಕೆ ಬರೋ ದಿನ, ತಲೆ ಬಾಚಿಕೊಳ್ಳೋದು ಬಿಟ್ಟು ನನಗೋಸ್ಕರ ಬಂದಳು. ದಾರಿಯಲ್ಲಿ ಹೇಳಿದಳು, "ಅಜ್ಜಿ, ನಮಗಿಬ್ಬರಿಗೆ ಮೊದಲೇ ಪರಿಚಯ ಅಂತ ಅವರ ಅಮ್ಮನ ಹತ್ತಿರ ಹೇಳಬೇಡಿ ಪ್ಲೀಸ್. ಅವರಾಗಿ ಒಪ್ಪಲಿ ಅಂತ ಆಸೆ."

"ನಾನ್ಯಾಕೆ ಹೇಳಲೇ ಹುಡುಗಿ?" ಅಂದೆ. ಸ್ಕೂಟರ್ ಯಾಕೋ ಸ್ವಲ್ಪ ವಾಲಾಡಿತು.

ಡಾಕ್ಟರ್ ಕೂಡ ಚಿಕ್ಕ ಹುಡುಗಿಯೇ. ಬಾಯೊಳಗೆ ಕನ್ನಡಿ ಇಟ್ಟು ನೋಡಿದಳು.

"ಅಜ್ಜಿ, ಹಲ್ಲಿನ ಮೇಲೆ ಗಟ್ಟಿ ಪದರ ಇರುತ್ತೆ, ಎನಾಮಲ್ ಅಂತ. ನಿಮ್ಮದು ಆಸಿಡ್ ತಾಗಿ ತಾಗಿ ಸವೆದಿದೆ. ಹುಳಿ ಜಾಸ್ತಿ ತಿಂತೀರಾ?"

"ಹುಳಿನಾ? ನಾನಾ? ಇಲ್ಲವೇ ಇಲ್ಲ."

"ನಿಂಬೆಹಣ್ಣು?"

"ಅದು ಹುಳಿ ಅಲ್ಲಮ್ಮ, ಅದು ಆರೋಗ್ಯ."

"ಹುಣಸೆಹಣ್ಣು?"

"ಒಂದು ಸಣ್ಣ ಉಂಡೆ, ಉಪ್ಪು ಖಾರ ಹಾಕಿದ್ದು. ಜಗಲಿಯಲ್ಲಿ ಮಾತಾಡೋವಾಗ ದವಡೆಯಲ್ಲಿ ಇಟ್ಟುಕೊಂಡಿರ್ತೀನಿ ಅಷ್ಟೇ. ಮಾತು ಮುಗಿಯೋವರೆಗೆ."

"ಮಾತು ಎಷ್ಟು ಹೊತ್ತಿಗೆ ಮುಗಿಯುತ್ತೆ?"

ಬಾಗಿಲ ಹತ್ತಿರ ನಿಂತಿದ್ದ ನಮ್ಮ ಹುಡುಗಿ ಕೆಮ್ಮಿಕೊಂಡು ಹೊರಗೆ ಹೋದಳು.

ಹೋದ ಪದರ ಮತ್ತೆ ಬೆಳೆಯಲ್ಲವಂತೆ. ಉಳಿದದ್ದನ್ನ ಕಾಪಾಡೋಕೆ ಫ್ಲೋರೈಡ್ ವಾರ್ನಿಷ್ ಹಚ್ಚಬೇಕಂತೆ. ಹುಳಿ ತಿಂದ ತಕ್ಷಣ ಉಜ್ಜೋದು ಬೇಡ, ನೀರಲ್ಲಿ ಮುಕ್ಕಳಿಸಿ ಸಾಕು, ಆ ಹೊತ್ತಲ್ಲಿ ಹಲ್ಲು ಮೆತ್ತಗಿರುತ್ತೆ ಅಂದಳು. ನಾನು ಅಷ್ಟು ದಿನ ಗಸಗಸ ತಿಕ್ಕಿ ಮಿಂಚಿಸಿದ್ದು ನನ್ನ ಹಲ್ಲನ್ನೇ ಅರೆದು ಉಗುಳಿದ್ದು ಅಂತ ಆಗ ತಿಳೀತು. ಆಮೇಲೆ ಹತ್ತಿಯಲ್ಲಿ ಹಲ್ಲು ಒರೆಸಿ, ಗಾಳಿ ಊದಿ ಒಣಗಿಸಿ, ಉಗುರಿಗೆ ಬಣ್ಣ ಹಚ್ಚೋ ಅಂಥ ಪುಟ್ಟ ಬ್ರಷ್ಷಿನಲ್ಲಿ ಬಳಿದಳು. ಕ್ಷಣದಲ್ಲಿ ಮುಗೀತು.

"ಒಂದೇ ಕೋಟಾ?" ಅಂದೆ.

"ಸಾಕು ಅಜ್ಜಿ."

"ನಮ್ಮನೆ ಬಾಗಿಲಿಗೇ ಎರಡು ಕೋಟು ಹೊಡೆಸಿದ್ದೀವಿ ಕಣಮ್ಮ. ಅದು ಏನೂ ತಿನ್ನಲ್ಲ, ಆದರೂ ಎರಡು."

"ಕೆಲವು ತಿಂಗಳು ಬಿಟ್ಟು ಬನ್ನಿ, ಮತ್ತೆ ಹಚ್ತೀನಿ. ಇವತ್ತು ಬಿಸಿದು, ಗಟ್ಟಿದು ಬೇಡ. ನಾಳೆ ಬೆಳಿಗ್ಗೆ ಹಲ್ಲು ಉಜ್ಜಿ."

ಕನ್ನಡಿ ಕೊಟ್ಟಳು. ನೋಡಿದರೆ ಹಲ್ಲೆಲ್ಲ ಹಳದಿ! ಇವತ್ತೊಂದು ದಿನ ಹಾಗೇ, ನಾಳೆ ಉಜ್ಜಿದರೆ ಹೋಗುತ್ತೆ ಅಂದಳು. ವಾರ್ನಿಷ್ ಅಂದರೆ ಬಾಗಿಲಿನ ಹಾಗೆ ಹೊಳೀತೀನಿ ಅಂದುಕೊಂಡಿದ್ದವಳು, ಮದುವೆ ಹೆಣ್ಣಿಗಿಂತ ಮುಂಚೆ ಹಲ್ಲಿಗೆ ಅರಿಶಿನ ಶಾಸ್ತ್ರ ಮಾಡಿಸಿಕೊಂಡು ಮನೆಗೆ ಬಂದೆ.

ಯಜಮಾನರ ಇನ್‌ಸ್ಪೆಕ್ಷನ್

ನಮ್ಮ ಯಜಮಾನರು ರಿಟೈರ್ ಆಗೋವರೆಗೆ ಪೌಡರ್ ಕೋಟಿಂಗ್ ಫ್ಯಾಕ್ಟರಿಯಲ್ಲಿದ್ದವರು. ಕಬ್ಬಿಣದ ಸಾಮಾನನ್ನ ಆಸಿಡ್ ತೊಟ್ಟಿಯಲ್ಲಿ ಅದ್ದಿ, ತೊಳೆದು, ಒಣಗಿಸಿ, ಬಣ್ಣದ ಪುಡಿ ಊದಿ, ದೊಡ್ಡ ಓವನ್ನಿನಲ್ಲಿ ಬೇಯಿಸೋ ಕೆಲಸ. ಈಗಲೂ ಯಾರ ಮನೆಗೆ ಹೋದರೂ ಕಿಟಕಿ ಸರಳು, ಗೇಟು, ಬೀರು ಎಲ್ಲದರ ಮೇಲೂ ಉಗುರಲ್ಲಿ ಕೆರೆದು ನೋಡ್ತಾರೆ. ನನ್ನನ್ನ ಮಾತ್ರ ಇಷ್ಟು ವರ್ಷದಲ್ಲಿ ಅಷ್ಟು ಆಸೆಯಿಂದ ನೋಡಿರಲಿಲ್ಲ. ಅವತ್ತು ಟಾರ್ಚ್ ತಂದರು.

"ಆ ಅನ್ನು. ಹೂಂ. ಕೋಟಿಂಗ್ ಪರವಾಗಿಲ್ಲ. ಎಡಗಡೆ ಸ್ವಲ್ಪ ತೆಳು. ಆದರೆ ಇನ್ನೂ ಕ್ಯೂರ್ ಆಗಿಲ್ಲ."

"ಅಂದರೆ?"

"ಅಂದರೆ ಗಟ್ಟಿ ಕೂತಿಲ್ಲ. ನಮ್ಮಲ್ಲಿ ಓವನ್ನಿಂದ ಬಂದು ತಣ್ಣಗಾಗೋವರೆಗೆ ಮಾಲನ್ನ ಯಾರೂ ಮುಟ್ಟೋ ಹಾಗಿರಲಿಲ್ಲ. ಒಂದು ಚೂರು ಧೂಳು ಕೂತರೂ ರಿಜೆಕ್ಟ್. ನಿನ್ನನ್ನ ಓವನ್‌ಗೆ ಹಾಕೋಕಾಗಲ್ಲ. ಅದಕ್ಕೆ ನಾಳೆ ಬೆಳಿಗ್ಗೆವರೆಗೆ ಬಾಯಿ ತೆಗೀಬೇಡ. ಪೀಣ್ಯದ ಧೂಳು ನಿನಗೇ ಗೊತ್ತಲ್ಲ."

"ಡಾಕ್ಟರ್ ಹಾಗೇನೂ ಹೇಳಲಿಲ್ಲ ಕಣ್ರೀ."

"ಡಾಕ್ಟರ್‌ಗೆ ಹಲ್ಲು ಗೊತ್ತು. ಕೋಟಿಂಗ್ ನನಗೆ ಗೊತ್ತು. ಮಾತಾಡಿದೆಯೋ, ಪದರ ಪದರವಾಗಿ ಎದ್ದು ಬರುತ್ತೆ. ಆಮೇಲೆ ಹಲ್ಲು ಹೋದರೆ ನನ್ನನ್ನ ಕೇಳಬೇಡ."

ಹಲ್ಲು ಹೋದರೆ ಅಂದ ತಕ್ಷಣ ನನ್ನ ಕಣ್ಣ ಮುಂದೆ ಆ ನೀರಿನ ಲೋಟ ಬಂತು. ಅದರೊಳಗೆ ನನ್ನ ಹಲ್ಲು, ಎದುರಿಗೆ ಕೂತು ಬೀದಿಯವರೆಲ್ಲ ಕಟಕಟ ಚಕ್ಕುಲಿ ಕಡಿಯುತ್ತಿದ್ದಾರೆ. ಸಾಲದ್ದಕ್ಕೆ ಈ ಹಳದಿ. ಎರಡೂ ಯೋಚನೆ ಮಾಡಿ ತುಟಿ ಬಿಗಿದುಕೊಂಡು ಜಗಲಿಯಲ್ಲಿ ಕೂತೆ.

ಅವತ್ತೇ ನೋಡಿ, ಬೀದಿಯಲ್ಲಿ ಏನೇನು ನಡೀಬೇಕು! ಮೂಲೆ ಮನೆ ಸೊಸೆ ಸೂಟ್‌ಕೇಸ್ ಹಿಡಿದು ಆಟೋ ಹತ್ತಿದಳು. ಅವಳ ಅತ್ತೆ ಹಿಂದೆಯೇ ಬಂದು, ಇನ್ನೊಂದು ಸೂಟ್‌ಕೇಸ್ ಹಿಡಿದು, ಇನ್ನೊಂದು ಆಟೋ ಹತ್ತಿದಳು. ಎರಡು ಆಟೋನೂ ಬೇರೆ ಬೇರೆ ದಿಕ್ಕಿಗೆ ಹೋದವು. ಮನೆಯಲ್ಲಿ ಉಳಿದ ಗಂಡಸು ಆರಾಮಾಗಿ ಬಾಗಿಲಿಗೆ ಬಂದು ಮೈಮುರಿದ. ಇಷ್ಟನ್ನೂ ಕಣ್ಣಾರೆ ನೋಡಿ ಒಬ್ಬರಿಗೂ ಹೇಳೋ ಹಾಗಿಲ್ಲ! ನನಗೆ ಹೊಟ್ಟೆ ಉಬ್ಬರಿಸಿ ಬಂತು. ಒಳಗೆ ನಮ್ಮ ಯಜಮಾನರು ಕಾಲು ಚಾಚಿ ಪೇಪರ್ ಓದುತ್ತಿದ್ದರು. ಹಾಡೊಂದನ್ನ ಗುನುಗುತ್ತಿದ್ದರು. ಮದುವೆಯಾದಾಗಿನಿಂದ ಅವರಿಗೆ ಹಾಡು ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.

ಹೂಡಿಯವರು ಬಂದರು

ಸಾಯಂಕಾಲ ಕಾರು ಬಂತು. ಎಲ್ಲರೂ ಎದುರು ಮನೆಗೆ ಹೋದರು. ಕೇಸರಿಬಾತಿನ ವಾಸನೆ ಬೀದಿಗೆಲ್ಲ ಹರಡಿತು. ಸ್ವಲ್ಪ ಹೊತ್ತಿಗೆ ಹುಡುಗನ ಅಮ್ಮ ಒಬ್ಬಳೇ ಎದ್ದು ನಮ್ಮ ಜಗಲಿಗೆ ಬಂದಳು. ದಪ್ಪ ರೇಷ್ಮೆ ಸೀರೆ, ಕತ್ತಿನ ತುಂಬ ಚಿನ್ನ, ನೆಟ್ಟ ನೋಟ.

"ಏನಕ್ಕಾ, ನೀವೇನಾ ಎದುರು ಮನೆಯೋರು?"

ತಲೆ ಆಡಿಸಿದೆ.

"ಬೀದಿನಾಗೆ ಯಾರ್ನ ಕೇಳುದ್ರೂ ಆ ಜಗಲಿ ಅಕ್ಕನ್ನೇ ಕೇಳಿ, ಒಂದೂ ಬಿಡದಂಗೆ ಯೇಳ್ತಾರೆ ಅಂದ್ರು. ಉಡುಗಿ ಎಂಗೆ?"

ಚಿನ್ನ ಅಂತ ಹೇಳೋಕೆ ಮಾತು ನಾಲಿಗೆ ತುದಿಗೆ ಬಂದಿತ್ತು. ಬೀದಿಯಲ್ಲಿ ಆಗತಾನೇ ಒಂದು ಲಾರಿ ಹೋಗಿ ಕೆಂಪು ಧೂಳು ಎದ್ದಿತು. ತುಟಿ ಇನ್ನೂ ಬಿಗಿ ಮಾಡಿಕೊಂಡು, ಅಷ್ಟು ಎತ್ತರದ ಗುಣ ಅಂತ ತೋರಿಸೋಕೆ ಎರಡೂ ಕೈ ಮೇಲಕ್ಕೆತ್ತಿದೆ.

ಅವಳ ಮುಖ ಸಣ್ಣಗಾಯ್ತು. "ದ್ಯಾವ್ರೇ ಕಾಪಾಡ್ಬೇಕು ಅಂತೀರಾ?"

ಅಲ್ಲ ಅಲ್ಲ ಅಂತ ತಲೆ ಅಲ್ಲಾಡಿಸಿ, ಕೈ ಮುಗಿಯೋ ಅಂಥ ಹುಡುಗಿ ಅಂತ ತೋರಿಸೋಕೆ ಕೈ ಮುಗಿದೆ.

"ನನ್ನ ಕೇಳ್ಬ್ಯಾಡಿ ಅಂತ ಕೈ ಮುಗೀತಿದ್ದೀರಲ್ಲ ಅಕ್ಕಾ! ಅಂಥಾದ್ದೇನೈತೆ?" ಅವಳು ಪಕ್ಕದಲ್ಲೇ ಕೂತುಬಿಟ್ಟಳು. ದನಿ ಇಳಿಸಿ ಕೇಳಿದಳು, "ಯಾವನ ಜೊತೆಗಾದ್ರೂ ಓಡಾಟ ಗೀಡಾಟ?"

ನಿನ್ನ ಮಗನ ಜೊತೆಗೇ ಕಣೇ, ಟೀ ಅಂಗಡಿ ಮುಂದೆ, ಅಂತ ಒಳಗೆ ನಗು ಉಕ್ಕಿ ಬಂತು. ನಕ್ಕರೆ ಹಳದಿ ಹಲ್ಲು ಕಾಣುತ್ತೆ. ಸೆರಗು ಬಾಯಿಗೆ ತುರುಕಿಕೊಂಡೆ. ನಗು ತಡೆದು ತಡೆದು ಭುಜ ಅಲುಗಿತು, ಕಣ್ಣಲ್ಲಿ ನೀರು ಬಂತು.

"ಅಯ್ಯೋ ಶಿವನೇ," ಅಂದಳು ಅವಳು. "ಅಳ್ತಾ ಅವ್ರೆ."

ಎದ್ದು ಹೋದಳು. ನಾನು ಹಿಂದೆಯೇ ಓಡಿ ಸೆರಗು ಹಿಡಿದು ಎಳೆದೆ. ಬಿಡಿಸಿಕೊಂಡು, "ಬ್ಯಾಡಿ ಅಕ್ಕಾ, ನೀವು ಯೇಳ್ದೆ ಇದ್ರೂ ನಂಗೆ ಅರ್ತ ಆಯ್ತು, ನಿಮ್ಮ ಉಪಕಾರ ಮರೆಯಲ್ಲ," ಅಂದಳು. ಕೇಸರಿಬಾತ್ ಮುಟ್ಟದೆ ಎಲ್ಲರೂ ಎದ್ದರು. "ಮನೆಗೋಗಿ ಫೋನ್ ಮಾಡ್ತೀವಿ," ಅಂದರು. ಆ ಮಾತಿನ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು.

ಕಾರು ತಿರುಗೋದರೊಳಗೆ ಎದುರು ಮನೆಯವಳು ನಮ್ಮ ಜಗಲಿಯಲ್ಲಿ.

"ಅಕ್ಕಾ! ಏನು ಹೇಳಿದ್ರಿ ಅವರಿಗೆ?"

ಬಾಯಿ ತೋರಿಸಿ, ಏನೂ ಇಲ್ಲ ಅಂತ ಕೈ ಆಡಿಸಿದೆ.

"ಏನೂ ಹೇಳಲಿಲ್ವಾ? ನೀವು? ಏನೂ?" ಅವಳು ತಲೆ ಮೇಲೆ ಕೈ ಹೊತ್ತು ಕೂತಳು. "ಬೈದಿದ್ದರೂ ಆಗ್ತಿತ್ತಲ್ಲಾ ಅಕ್ಕಾ! ನೀವೇ ಬಾಯಿ ಬಿಡಲ್ಲ ಅಂದರೆ ಒಳಗೆ ಎಂಥ ವಿಷಯ ಇರಬೇಕು ಅಂತ ಯಾರಾದರೂ ಅಂದುಕೊಳ್ಳಲ್ವಾ?"

ಹಿಂದೆಯೇ ಬಂದ ಹುಡುಗಿ ನಮ್ಮ ಗೇಟಿನಲ್ಲಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಒಂದು ಮಾತು ಬೈಯಲಿಲ್ಲ. "ಅಜ್ಜಿ, ಹಲ್ಲು ತುಂಬ ನೋಯ್ತಿದೆಯಾ?" ಅಂದಳು. ಅದರ ಬದಲು ಕಪಾಳಕ್ಕೆ ಒಂದು ಬಿಟ್ಟಿದ್ದರೆ ಚೆನ್ನಾಗಿತ್ತು.

ನಾನು ಕೈಸನ್ನೆಯಲ್ಲೇ ವಾರ್ನಿಷ್, ಧೂಳು, ಓವನ್ ಎಲ್ಲಾ ತೋರಿಸಿದೆ. ಅವಳಿಗೆ ಏನು ಹೊಳೀತೋ, ಡಾಕ್ಟರ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದಳು.

"ಮಾತಾಡಬಾರದು ಅಂತ ನಾನು ಹೇಳೇ ಇಲ್ಲವಲ್ಲ," ಅಂದಳು ಡಾಕ್ಟರ್. "ಅದು ಎಂಜಲು ತಾಗಿದ ಕೂಡಲೇ ಗಟ್ಟಿಯಾಗುತ್ತೆ. ಆರಾಮಾಗಿ ಮಾತಾಡಲಿ. ಯಾರು ಹೇಳಿದ್ದು ಬೇಡ ಅಂತ?"

ಎಲ್ಲರೂ ನಮ್ಮ ಯಜಮಾನರ ಕಡೆ ತಿರುಗಿದೆವು. ಅವರು ಪೇಪರನ್ನ ನಿಧಾನವಾಗಿ ಮಡಿಸಿ, "ನಮ್ಮ ಫ್ಯಾಕ್ಟರಿಯಲ್ಲಿ ಅದೇ ರೂಲು," ಅಂದರು. ಪೇಪರನ್ನ ಕಂಕುಳಿಗೆ ಸಿಕ್ಕಿಸಿಕೊಂಡು ಸಣ್ಣಗೆ ಸೇರಿಸಿದರು, "ಕೊನೇ ಪುಟದಲ್ಲಿ ಕ್ರೀಡೆ ಬರುತ್ತೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು."

ಸಾಕ್ಷಿ ಸಮೇತ ಹೂಡಿಗೆ

ಕೆಡಿಸಿದವಳು ನಾನು, ಸರಿ ಮಾಡಬೇಕಾದವಳೂ ನಾನೇ. ಮಾರನೇ ದಿನ ಬೆಳಿಗ್ಗೆ ಹುಡುಗಿಯಿಂದ ವಿಳಾಸ ತಿಳಿದುಕೊಂಡು ಹೂಡಿಗೆ ಹೊರಟೆ. ಒಂದು ಉಪಾಯ ಮಾಡಿದ್ದೆ. ಉಜ್ಜಿದರೆ ಹಳದಿ ಹೋಗಿಬಿಡುತ್ತೆ, ಹಳದಿ ಹೋದರೆ ನನ್ನ ಮಾತು ಯಾರು ನಂಬ್ತಾರೆ? ಅದಕ್ಕೆ ಹಲ್ಲು ಉಜ್ಜದೆ ಸಾಕ್ಷಿ ಸಮೇತ ಮೆಟ್ರೋ ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸಿಗೆ ಹೊತ್ತು ಹೋಗಲಿ ಅಂತ ನಮ್ಮ ಬೀದಿ ಕಥೆ ಶುರು ಮಾಡಿದೆ. ಅವಳು ಮುಂದಿನ ಸ್ಟೇಷನ್ನಿಗೆ ಎದ್ದು ಹೋದಳು. ಇಳಿದಳು ಅಂದುಕೊಂಡೆ. ನೋಡಿದರೆ ಪಕ್ಕದ ಬೋಗಿಯಲ್ಲಿ ನಿಂತಿದ್ದಳು. ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಾಯಿಸಿದೆ, ಅಷ್ಟು ನೂಕುನುಗ್ಗಲಲ್ಲೂ ನನ್ನ ಎರಡೂ ಕಡೆ ಸೀಟು ಖಾಲಿ. ದೊಡ್ಡವರಿಗೆ ಮರ್ಯಾದೆ ಕೊಡ್ತಾರೆ ಅಂತ ಸಂತೋಷಪಟ್ಟೆ.

ಹೂಡಿಯ ಮನೆ ಮುಂದೆ ಹುಡುಗನ ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನನ್ನನ್ನ ಕಂಡು ಗಾಬರಿಯಾದಳು.

"ಏನಕ್ಕಾ, ಇಷ್ಟು ದೂರ?"

"ಇದನ್ನ ನೋಡಿ," ಅಂತ ಮುಖದ ಹತ್ತಿರ ಹೋಗಿ ಹಲ್ಲು ಬಿಟ್ಟೆ.

ಅವಳು ಮಣೆ ಸಮೇತ ಹಿಂದಕ್ಕೆ ಸರಿದಳು. "ಉಜ್ಜಿಲ್ವಾ ಅಕ್ಕಾ?"

"ನಿಮಗೆ ತೋರಿಸೋಕೇ ಉಜ್ಜಿಲ್ಲ. ಇದು ವಾರ್ನಿಷ್. ಹಲ್ಲಿಗೆ ಹೊಡೆಸಿದ್ದು." ನಿಂಬೆಹಣ್ಣಿನಿಂದ ಹಿಡಿದು ಯಜಮಾನರ ಓವನ್‌ವರೆಗೆ ಎಲ್ಲಾ ಹೇಳಿದೆ. "ನಾನು ಅತ್ತಿದ್ದಲ್ಲ ಕಣಮ್ಮ, ನಕ್ಕಿದ್ದು. ಹುಡುಗಿ ಚಿನ್ನ."

ಅವಳು ಅವರೆಕಾಯಿ ಬುಟ್ಟಿ ಪಕ್ಕಕ್ಕಿಟ್ಟಳು. "ಅಂಗಾದ್ರೆ ಈಗ ಬಾಯಿ ಬಿಡಿ. ನೆನ್ನೆ ಬಿಡ್ದೆ ಇದ್ದಿದ್ದೂ ಸೇರಿಸಿ ಯೇಳಿ."

ಹೀಗೆ ಯಾರಾದರೂ ಕೇಳೋದುಂಟಾ? ಒಂದು ದಿನ ಪೂರ್ತಿ ತಡೆದಿಟ್ಟಿದ್ದ ಬಾಯಿ. ಒಂದೇ ಮಾತು ಹೇಳಿ ಎದ್ದು ಬರಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡಿದ್ದೆ, ದೇವರಾಣೆ. ಆದರೆ ಅವಳು ಕಾಫಿ ತಂದಳು. ಕಾಫಿ ಜೊತೆ ಹುಡುಗಿಯ ಅಪ್ಪನ ವಿಷಯ ಬಂತು. ಕೂದಲಿಗೆ ಬಣ್ಣ ಹಚ್ಚಿಕೊಂಡು ಮೀಸೆಗೆ ಹಚ್ಚೋಕೆ ಮರೆತು ಆಫೀಸಿಗೆ ಹೋದದ್ದು ಹೇಳಿದೆ. ಅಪ್ಪನ ಹಿಂದೆ ಅಮ್ಮ ಬಂದಳು. ಹಬ್ಬಕ್ಕೆ ಹೋಳಿಗೆ ಮನೆಯಲ್ಲೇ ತಟ್ಟಿದ್ದು ಅಂತ ಬೀದಿಗೆಲ್ಲ ಹಂಚಿ, ಅಂಗಡಿಯ ಡಬ್ಬಗಳನ್ನ ನಮ್ಮನೆ ಕಸದ ಬುಟ್ಟಿಗೆ ಹಾಕಿದ್ದು ಹೇಳಿದೆ. ಉಪವಾಸದ ದಿನ ದೇವರ ಮನೆ ಬಾಗಿಲು ಹಾಕಿಕೊಂಡು ಮಸಾಲೆ ದೋಸೆ ತಿನ್ನೋ ಹುಡುಗಿಯ ಅಜ್ಜಿಯನ್ನೂ ಬಿಡಲಿಲ್ಲ. ಹುಡುಗನ ಅಮ್ಮ ನಡುನಡುವೆ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಅದಿರ್ಲಿ. ಉಡುಗಿ ವಿಷ್ಯ?"

"ಸ್ಕೂಟರ್‌ನ ನಮ್ಮ ಗೇಟಿಗೆ ಅಡ್ಡ ನಿಲ್ಲಿಸ್ತಾಳೆ."

"ಆಮ್ಯಾಕೆ?"

"ಉಪ್ಪಿಟ್ಟಿನಲ್ಲಿ ಕರಿಬೇವು ಆರಿಸಿ ಪಕ್ಕಕ್ಕಿಡ್ತಾಳೆ."

"ಅದ್ನ ಬುಡಿ. ಓಡಾಟ?"

ತಡೆದುಕೊಂಡೆ ಕಣ್ರೀ. ಕಾಫಿ ಲೋಟ ಬಾಯಿಗೆ ಅಡ್ಡ ಹಿಡಿದೆ. ಹುಡುಗಿಗೆ ಕೊಟ್ಟ ಮಾತು ನೆನಪಿತ್ತು. ಆದರೂ ಅದೇನೋ, ಲೋಟದ ಪಕ್ಕದಿಂದ ಮಾತು ತಾನೇ ಸೋರಿಹೋಯ್ತು. "ಓಡಾಟ ಇದೆ. ನಿಮ್ಮ ಮಗನ ಜೊತೆ."

ಆಯ್ತು, ಎಲ್ಲಾ ಮುಗೀತು ಅಂದುಕೊಂಡೆ. ಅವಳು ಅವರೆಕಾಯಿ ಬುಟ್ಟಿ ಮತ್ತೆ ಮುಂದಕ್ಕೆ ಎಳೆದುಕೊಂಡಳು.

"ಅದು ನಂಗೆ ಮೊದ್ಲೇ ಗೊತ್ತು. ನೀವು ಯೇಳ್ತೀರೋ, ಮುಚ್ಚಿಡ್ತೀರೋ ಅಂತ ನೋಡ್ದೆ. ಇನ್ನೇನಾದ್ರೂ ಐತಾ?"

ನಾನು ನಿಜವಾಗಿ ಯೋಚನೆ ಮಾಡಿದೆ. "ಇಲ್ಲ ಕಣಮ್ಮ. ಹುಟ್ಟಿದಾಗಿನಿಂದ ನೋಡ್ತಿದ್ದೀನಿ. ನಾನೂ ಬಹಳ ಹುಡುಕಿದೆ, ಏನೂ ಸಿಕ್ಕಿಲ್ಲ," ಅಂದೆ. ಹಾಗನ್ನೋವಾಗ ನನ್ನ ದನಿಯಲ್ಲಿ ಸ್ವಲ್ಪ ಬೇಸರವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅವಳು ಬುಟ್ಟಿ ಬಿಟ್ಟು ಎದ್ದಳು. ಒಳಗೆ ಹೋಗಿ ಒಂದು ಲೋಟ ನೀರು, ಬೆರಳಿಗೆ ಒಂದಿಷ್ಟು ಹಲ್ಲುಪುಡಿ ತಂದುಕೊಟ್ಟು, "ಮೊದ್ಲು ಬಾಯಿ ತೊಳ್ಕೊಳಿ ಅಕ್ಕಾ, ಆಮ್ಯಾಕೆ ಊಟಕ್ಕೆ ಕೂರೀರಂತೆ," ಅಂದಳು.

ಎದುರು ಮನೆಯವಳು ಬಂದಳು

ಮನೆಗೆ ಬಂದು ಎರಡು ದಿನ ಜಗಲಿಗೆ ಇಳಿಯಲಿಲ್ಲ. ಕಿಟಕಿ ಸಂದಿಯಿಂದ ಎದುರು ಮನೆ ನೋಡುತ್ತಿದ್ದೆ. ಆ ಹುಡುಗಿ ಆಫೀಸಿಗೆ ಹೋಗೋವಾಗ ತಲೆ ತಗ್ಗಿಸಿಕೊಂಡೇ ಹೋಗುತ್ತಿದ್ದಳು. ಸ್ಕೂಟರ್ ಕೂಡ ನಮ್ಮ ಗೇಟು ಬಿಟ್ಟು ಅತ್ತ ನಿಲ್ಲಿಸಿದ್ದಳು. ಅದನ್ನ ನೋಡಿ, ಇದನ್ನೊಂದು ದೂರು ಅಂತ ಹೂಡಿವರೆಗೆ ಹೊತ್ತುಕೊಂಡು ಹೋದೆನಲ್ಲಾ ಅಂತ ನನಗೇ ನಾಚಿಕೆಯಾಯ್ತು. ಹುಣಸೆಹಣ್ಣಿನ ಉಂಡೆ ಕಣ್ಣೆದುರೇ ಇದ್ದರೂ ಮುಟ್ಟಲಿಲ್ಲ. ಯಜಮಾನರು ಕೂಡ ಪೇಪರ್ ಪಕ್ಕಕ್ಕಿಟ್ಟು, "ಏನಾದರೂ ಮಾತಾಡೇ, ಭಯ ಆಗುತ್ತೆ," ಅಂದರು.

ಮೂರನೇ ದಿನ ಮಧ್ಯಾಹ್ನ ಗೇಟು ಧಡಾರ್ ಅಂತ ತೆಗೆದುಕೊಂಡಿತು. ಎದುರು ಮನೆಯವಳು. ಒಂದು ಕೈಯಲ್ಲಿ ಸಿಹಿ ತಿಂಡಿ ತಟ್ಟೆ. ಇನ್ನೊಂದು ಕೈ ಸೊಂಟದ ಮೇಲೆ. ಯಾವ ಕೈಯನ್ನ ನೋಡಬೇಕು ಅಂತ ತಿಳಿಯದೆ ನಾನು ಗೋಡೆ ನೋಡಿದೆ.

"ಹೂಡಿಯಿಂದ ಫೋನ್ ಬಂತು ಅಕ್ಕಾ," ಅಂದಳು.

"ಏನಂತೆ?"

"'ಆ ಜಗಲಿ ಅಕ್ಕ ನಿಮ್ಮನೇಲಿ ಒಬ್ಬರನ್ನೂ ಬಿಡಲಿಲ್ಲ. ಮುಚ್ಚಿಡಬೇಕಾದ್ದನ್ನೂ ಮುಚ್ಚಿಡಲಿಲ್ಲ. ಅಂಥ ಬಾಯಿಗೂ ನಿಮ್ಮ ಹುಡುಗಿ ಮೇಲೆ ಒಂದು ಕರಿಬೇವಿನ ಎಲೆ ಬಿಟ್ಟು ಬೇರೇನೂ ಸಿಗಲಿಲ್ಲ. ಇನ್ನು ಯಾರನ್ನೂ ಕೇಳೋದು ಬೇಕಾಗಿಲ್ಲ, ಲಗ್ನ ಇಡಿಸಿಬಿಡಿ' ಅಂದರು."

ನಾನು ಎದ್ದು ಅವಳನ್ನ ತಬ್ಬಿಕೊಳ್ಳೋಕೆ ಹೋದೆ. ಅವಳು ತಟ್ಟೆ ಅಡ್ಡ ಹಿಡಿದಳು.

"ಕೂತ್ಕೊಳ್ಳಿ. ಇನ್ನೂ ಮುಗಿದಿಲ್ಲ. ನಮ್ಮನೆಯವರ ಮೀಸೆ ವಿಷಯ ಅವರಿಗೆ ಗೊತ್ತು. ನಮ್ಮತ್ತೆ ಮಸಾಲೆ ದೋಸೆ ವಿಷಯ ಗೊತ್ತು. 'ಬೀಗರೇ, ಮದುವೆಗೆ ಹೋಳಿಗೆ ಯಾವ ಅಂಗಡಿಯಿಂದ ತರಿಸ್ತೀರಾ' ಅಂತ ನನ್ನನ್ನೇ ಕೇಳಿದರು."

"ಅದು... ಮಾತಿಗೆ ಮಾತು ಬಂತು..."

ಹುಡುಗಿ ಅವಳ ಬೆನ್ನ ಹಿಂದಿನಿಂದ ಇಣುಕಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಎಷ್ಟು ದಿನವಾಗಿತ್ತೋ ಆ ನಗು ನೋಡಿ. ಎದುರು ಮನೆಯವಳು ತಟ್ಟೆಯಿಂದ ಒಂದು ಮೈಸೂರು ಪಾಕ್ ಎತ್ತಿ ನನ್ನ ಬಾಯಿಗೆ ತುರುಕಿ, ನಾನು ಮಾತಾಡೋ ಹಾಗಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮುಖಕ್ಕೆ ಮುಖ ಕೊಟ್ಟು ಹೇಳಿದಳು:

"ಮದುವೆಗೆ ನೀವು ಬರಲೇಬೇಕು ಅಕ್ಕಾ, ಮೊದಲನೇ ಸಾಲಲ್ಲೇ ಕೂರಿಸ್ತೀನಿ. ಆದರೆ ಮುಹೂರ್ತದ ದಿನ ಬೆಳಿಗ್ಗೆ ನಾನೇ ನಿಮ್ಮನ್ನ ಆ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ ಇನ್ನೊಂದು ಕೋಟ್ ಹೊಡೆಸ್ತೀನಿ. ಈ ಸಲ ಹಲ್ಲಿಗಲ್ಲ, ತುಟಿಗೆ."